ಮರದ ಮಾದರಿ ಹಡಗು ಕಟ್ಟುವವರಿಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎರಡು ಕೂವೆಮರದ (ಹಾಯಿ ಕಟ್ಟುವ ಕಂಬ) ಹಡಗಿನ ಕಿಟ್ ತರಿಸಿ ಕಟ್ಟುತ್ತಿದ್ದೇನೆ. ಫ್ರೇಮ್ (ಹಡಗಿನ ಪಕ್ಕೆಲುಬು) ನಿಲ್ಲಿಸುವವರೆಗೆ ಎಲ್ಲ ಸರಿ ಇತ್ತು. ಈಗ ಹಲಗೆ ಪಟ್ಟಿ ಅಂಟಿಸ್ತಾ ಹೋದರೆ ಮೂತಿಯ ಹತ್ತಿರ ಒಂದರ ಮೇಲೊಂದು ಹತ್ತುತ್ತವೆ, ಹಿಂದೆ ಬಾಯಿ ಬಿಡುತ್ತವೆ. ಪಟ್ಟಿ ಸರಿ ಇಲ್ವಾ?
– ಓದುಗರು, ಶಿರಸಿ

ಉತ್ತರ: ಪಟ್ಟಿ ಸರಿಯಾಗೇ ಇದೆ. ಕಿಟ್‌ನಲ್ಲಿ ಎಲ್ಲ ಪಟ್ಟಿಯೂ ಒಂದೇ ಅಗಲ, ಆದರೆ ಹಡಗಿನ ಹೊಟ್ಟೆ ಒಂದೇ ಅಳತೆ ಅಲ್ಲ, ತೊಂದರೆ ಇರೋದು ಅಲ್ಲೇ. ಒಂದು ಕಾಗದದ ಚೂರು ತಗೊಂಡು ನಡುವಿನ ಫ್ರೇಮಿನ ಮೇಲಂಚಿನಿಂದ ಅಡಿಮರದ (ತಳದ ಉದ್ದನೆಯ ಮರ) ತನಕ ಬಳಸಿ ಅಳೆಯಿರಿ. 100 ಮಿ.ಮೀ. ಬಂತು ಅಂತಿಟ್ಟುಕೊಳ್ಳಿ. ಪಟ್ಟಿ 5 ಮಿ.ಮೀ. ಅಗಲ ಇದ್ದರೆ ಅಲ್ಲಿಗೆ 20 ಪಟ್ಟಿ ಬೇಕು. ಈಗ ಮೂತಿಯ ಹತ್ತಿರ ಅಳೆಯಿರಿ. ಅಲ್ಲಿ 60 ಮಾತ್ರ ಸಿಕ್ಕರೆ ಅದೇ 20 ಪಟ್ಟಿ ಅಷ್ಟರಲ್ಲೇ ಹಿಡಿಸಬೇಕು, ಅಂದರೆ ಒಂದೊಂದೂ ಆ ತುದಿಯಲ್ಲಿ 3 ಮಿ.ಮೀ. ಆಗಬೇಕು. ಮುಂದಿನ ಮೂರನೇ ಒಂದು ಭಾಗದಲ್ಲಿ ಮಾತ್ರ ನಿಧಾನಕ್ಕೆ ಸಪೂರ ಮಾಡ್ತಾ ಹೋಗಿ. ನಾಲ್ಕೈದು ಪಟ್ಟಿ ಒಟ್ಟಿಗೆ ವೈಸ್‌ನಲ್ಲಿ ಕಚ್ಚಿಸಿ ಕೀಸುಳಿ ಆಡಿಸಿದರೆ ಕೆಲಸ ಬೇಗ ಮುಗಿಯುತ್ತದೆ.

ತುದಿ ಅರ್ಧ ಅಗಲಕ್ಕಿಂತ ಕಡಿಮೆ ಆಗುವ ಹಾಗಿದ್ದರೆ ಬೇಡ, ಮೊಳೆ ಹೊಡೆಯಲೂ ಜಾಗ ಉಳಿಯೋದಿಲ್ಲ. ಆಗ ಎರಡು ಪಟ್ಟಿಯನ್ನು ಒಂದೇ ಪಟ್ಟಿಯಲ್ಲಿ ಕೊನೆಗಾಣಿಸಬೇಕು. ಹಿಂಭಾಗದಲ್ಲಿ ಇದರ ಉಲ್ಟಾ, ಅಲ್ಲಿ ಜಾಗ ಜಾಸ್ತಿ ಉಳಿಯುತ್ತದೆ, ತ್ರಿಕೋನದ ಚೂರು ಸೇರಿಸಿ ತುಂಬಿ. ಇದೇನೂ ಕಳ್ಳದಾರಿ ಅಲ್ಲ, ನಿಜವಾದ ಹಡಗಿನಲ್ಲೂ ಹೀಗೇ ಮಾಡುತ್ತಿದ್ದರು.

ಇನ್ನೊಂದು ಮಾತು. ಪಟ್ಟಿ ಅಂಟಿಸುವ ಮೊದಲು ಫ್ರೇಮುಗಳ ಅಂಚನ್ನು ಓರೆಯಾಗಿ ಉಜ್ಜಿದ್ದೀರಾ? ತೆಳ್ಳಗಿನ ಪಟ್ಟಿಯೊಂದನ್ನು ಮೂತಿಯಿಂದ ಹಿಂದಿನ ತನಕ ಸುಮ್ನೆ ಒತ್ತಿ ಹಿಡಿದು ನೋಡಿ. ಎಲ್ಲ ಫ್ರೇಮಿಗೂ ಪೂರ್ತಿ ತಾಗಬೇಕು. ಎಲ್ಲೋ ಬೆಳಕು ಕಂಡರೆ, ಎಲ್ಲೋ ಉಬ್ಬಿದರೆ ಅಲ್ಲಿ ಕೆಲಸ ಬಾಕಿ ಇದೆ ಅಂತ ಲೆಕ್ಕ. ಎಡಕ್ಕೊಂದು ಬಲಕ್ಕೊಂದು ಪಟ್ಟಿ ಹಾಕ್ತಾ ಬನ್ನಿ, ಒಂದೇ ಕಡೆ ಮುಗಿಸಿದರೆ ಅಡಿಮರವೇ ಬಾಗುತ್ತದೆ. ಈಗಾಗಲೇ ಅಂಟಿಸಿದ್ದನ್ನು ಬಿಡಿಸೋದು ಕಷ್ಟವಿಲ್ಲ. ಬಿಳಿ ಫೆವಿಕಾಲ್ ಆಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬ್ರಷ್‌ನಲ್ಲಿ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಮೆತ್ತಗಾಗಿ ಬಿಡುತ್ತದೆ. ಕಿಟಕಿ ತೆಗೆದಿಡಿ, ಹತ್ತಿರ ಬೆಂಕಿ ಬೇಡ. ಬಹಳ ಜನ ಹಾಯಿ, ಫಿರಂಗಿ ಅಂತ ಮುಂದೆ ಓಡುತ್ತಾರೆ. ಹೊಟ್ಟೆಯ ಗೆರೆ ಕೆಟ್ಟಿದ್ದರೆ ಅದೆಲ್ಲ ಹಾಕಿಯೂ ಹಡಗು ಹಡಗಿನಂತೆ ಕಾಣೋದಿಲ್ಲ, ಹಾಗಾಗಿ ಬಿಡಿಸಿ ಮತ್ತೆ ಮಾಡಿ ಅಂತಲೇ ನಾನು ಹೇಳೋದು.

ಪ್ರಶ್ನೆ: ಹೊರಗಿನ ಮರ ತರಿಸೋದು ದುಬಾರಿ. ನಮ್ಮ ಕಡೆಯ ಯಾವ ಮರ ಆಗುತ್ತದೆ? ಮನೆಯಲ್ಲಿ ತೇಗದ ತುಂಡು ಬೇಕಾದಷ್ಟು ಇದೆ.
– ಓದುಗರು, ಕುಮಟಾ

ಉತ್ತರ: ತೇಗ ಸ್ಟ್ಯಾಂಡಿಗೆ ಇರಲಿ. ಮರ ಒಳ್ಳೆಯದೇ, ಆದರೆ ಅದರ ರಂಧ್ರ ದೊಡ್ಡದು. 1:48 ಅಳತೆಯ (ನಿಜವಾದುದರ 48ರಲ್ಲಿ ಒಂದು ಪಾಲು) ಹಡಗಿನಲ್ಲಿ 0.3 ಮಿ.ಮೀ. ತೂತು ಅಂದರೆ ನಿಜವಾದ ಹಲಗೆಯಲ್ಲಿ 14 ಮಿ.ಮೀ. ತೂತು. ಅಂಥ ಹಲಗೆಯ ಮೇಲೆ ಯಾವ ನಾವಿಕ ಹತ್ತುತ್ತಾನೆ ಹೇಳಿ?

ಶಿವನೆ ಸಿಕ್ಕರೆ ಬಿಡಬೇಡಿ. ಹಗುರ, ಕೊಯ್ಯಲು ಸುಲಭ, ಹೆಚ್ಚು ಸೊಟ್ಟಗಾಗೋದಿಲ್ಲ. ಹೆದ್ದಿ ಹಳದಿ ಬಣ್ಣದ್ದು, ನಯವಾದ ಮೈ. ಡೆಕ್ಕಿನ ಪಟ್ಟಿಗೆ, ಪುಟ್ಟ ರಾಟೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ಹಲಸಿನ ಹಳದಿ ಬರ್ತಾ ಬರ್ತಾ ಕಂದು ಆಗುತ್ತದೆ, ಅದು ಗೊತ್ತಿದ್ದು ಹಾಕಿ. ಬೀಟೆ, ಗಂಧದ ವಿಷಯದಲ್ಲಿ ಅರಣ್ಯ ಇಲಾಖೆಯ ನಿಯಮ ಇದೆ, ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ತುಂಡು ಮುಟ್ಟಬೇಡಿ. ಸಾಮಿಲ್‌ನಿಂದ ಹಸಿ ಹಲಗೆ ತಂದು ಆ ವಾರವೇ ಪಟ್ಟಿ ಸೀಳೋದೂ ಬೇಡ. ಬಾಗಿಲು ಮಾಡುವ ಆಚಾರಿಗಳ ಹತ್ತಿರ ವರ್ಷಗಟ್ಟಲೆ ಒಣಗಿದ ಚೂರು ಬಿದ್ದಿರುತ್ತದೆ, ಕೇಳಿ ನೋಡಿ. ನಿಮ್ಮ ಊರಲ್ಲೇ ಗುಡಿಗಾರರ ಮನೆಗಳಿವೆ ಅಲ್ವಾ, ಉಳಿ ಹೇಗೆ ಮಸೆಯುತ್ತಾರೆ ಅಂತ ಒಮ್ಮೆ ಕೂತು ನೋಡಿ ಬನ್ನಿ. ಯಾವ ಪುಸ್ತಕಕ್ಕಿಂತಲೂ ಅದು ಮೇಲು.

ಪ್ರಶ್ನೆ: ಮಳೆಗಾಲದಲ್ಲಿ ಹಗ್ಗವೆಲ್ಲ ಬಿಗಿದು ಕೂವೆಮರ ಬಾಗುತ್ತದೆ, ಬೇಸಿಗೆಯಲ್ಲಿ ಹಗ್ಗ ಜೋತು ಬೀಳುತ್ತದೆ.
– ಓದುಗರು, ಕಾರವಾರ

ಉತ್ತರ: ಹತ್ತಿ ದಾರ ಹಾಕಿದ್ದೀರಿ. ಅದು ತೇವ ಕುಡಿದು ಬಿಗಿಯುತ್ತದೆ. ಟೈಲರ್ ಅಂಗಡಿಯ ಪಾಲಿಯೆಸ್ಟರ್ ದಾರಕ್ಕೆ ಬದಲಾಯಿಸಿ, ಜೇನುಮೇಣದ ಮೇಲೆ ಎಳೆದರೆ ಎದ್ದ ನೂಲು ಕೂರುತ್ತದೆ. ಕೂವೆಮರ ಹಿಡಿದು ನಿಲ್ಲಿಸುವ ಹಗ್ಗ ಕಪ್ಪು, ಹಾಯಿ ಎಳೆಯುವ ಹಗ್ಗ ತಿಳಿ ಕಂದು ಇರಲಿ. ಮೊದಲನೆಯದಕ್ಕೆ ಟಾರು ಹಚ್ಚುತ್ತಿದ್ದರು, ಅದಕ್ಕೆ ಆ ಬಣ್ಣ. ಗಾಜಿನ ಪೆಟ್ಟಿಗೆಯಲ್ಲಿ ಇಡುವವರು ಗಾಳಿಗೆ ಸಣ್ಣ ತೂತು ಬಿಡಿ. ಪೂರ್ತಿ ಮುಚ್ಚಿದರೆ ಮರದಿಂದ ಬರುವ ಹುಳಿ ಆವಿ ಒಳಗೇ ನಿಂತು ಸೀಸದ ಫಿರಂಗಿಗಳ ಮೇಲೆ ಬಿಳಿ ಪುಡಿ ಏಳುತ್ತದೆ.

ಪ್ರಶ್ನೆ: ಕೌಂಡಿನ್ಯ ಹಡಗು ಮಾಡಬೇಕು ಅಂತ ಆಸೆ. ಸಾವಿರಾರು ಹೊಲಿಗೆ ನಿಜವಾಗಿಯೂ ಹಾಕ್ಬೇಕಾ, ಸರ್?
– ಕಾಲೇಜು ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ಒಳ್ಳೆ ಆಯ್ಕೆ ಮಾಡಿದ್ದೀರಿ. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿದ ಹಡಗು ಅದು. ಅಜಂತಾ ಗುಹೆಯ ಚಿತ್ರ ನೋಡಿ ರೂಪಿಸಿದ್ದು, ಕೇರಳದ ಬಾಬು ಶಂಕರನ್ ಮತ್ತವರ ತಂಡ ಗೋವಾದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ದು.

ಉದ್ದ ಸುಮಾರು 20 ಮೀಟರ್. 1:48ರಲ್ಲಿ ಮಾಡಿದರೆ 41 ಸೆಂ.ಮೀ. ಆಸುಪಾಸು, ಮೇಜಿಗೆ ಚೆಂದ, ಆದರೆ ನಿಜವಾದ ಹಡಗಿನಲ್ಲಿ 10 ಸೆಂ.ಮೀ.ಗೊಂದು ತೂತು ಅಂತಿಟ್ಟುಕೊಂಡರೆ ಇಲ್ಲಿ 2 ಮಿ.ಮೀ.ಗೊಂದು ಬರುತ್ತದೆ, ಮರ ಸೀಳುತ್ತದೆ. ಅದೇ 1:24ರಲ್ಲಿ 4 ಮಿ.ಮೀ. ಸಿಗುತ್ತದೆ, ಕೈಗೆ ಬಗ್ಗುವ ಕೆಲಸ. ಹಡಗು ಮಾತ್ರ 80 ಸೆಂ.ಮೀ. ದಾಟುತ್ತದೆ, ಇಡಲು ಜಾಗ ನೋಡಿಕೊಳ್ಳಿ. ಮೊದಲು ಹಲಗೆಯನ್ನು ಅಂಟಿನಲ್ಲೇ ಕೂರಿಸಿ. ಆಮೇಲೆ ಪ್ಲಾಸ್ಟಿಕ್ ಪಟ್ಟಿಗೆ ಸಮ ಅಂತರದಲ್ಲಿ ಗೀರು ಮಾಡಿಕೊಂಡು, ಅದನ್ನೇ ಹಿಡಿದು ಜೋಡಣೆಯ ಎರಡೂ ಬದಿ ಗುರುತು ಹಾಕಿ, ಕೈ ಡ್ರಿಲ್ಲಿನಲ್ಲಿ 0.5 ಮಿ.ಮೀ. ತೂತು ಕೊರೆದು ಸೂಜಿ ದಾರ ಪೋಣಿಸಿ. ಡೆಕ್ ಮುಚ್ಚುವ ಮೊದಲೇ ಹೊಲಿಯಿರಿ, ಮತ್ತೆ ಒಳಗೆ ಬೆರಳು ಹೋಗೋದಿಲ್ಲ. ನೀರಿನ ಗೆರೆಯ ಕೆಳಗೆ ಬಿಟ್ಟರೂ ಯಾರೂ ಬೈಯೋದಿಲ್ಲ.

ಹಾಯಿಯ ಮೇಲೆ ಗಂಡಭೇರುಂಡ, ಸೂರ್ಯ ಇವೆ. ತೆಳು ಹತ್ತಿ ಬಟ್ಟೆಗೆ ಬಟ್ಟೆ ಪೆನ್ನಿನಲ್ಲೇ ಬರೆಯಿರಿ, ದಪ್ಪ ಪೇಂಟ್ ಬಳಿದರೆ ಹಾಯಿ ರಟ್ಟಿನಂತೆ ಸೆಟೆದು ನಿಲ್ಲುತ್ತದೆ. ಮೂತಿಯ ಸಿಂಹಯಾಳಿಗೆ ಶಿವನೆ ತುಂಡು ಸಾಕು.

ಕಾರವಾರದ ಟಾಗೋರ್ ಬೀಚಿನಲ್ಲಿ ನಿಲ್ಲಿಸಿರುವ ಚಪಲ್ ಯುದ್ಧನೌಕೆಯನ್ನೂ ಪಟ್ಟಿ ಹಾಕಿ ಮಾಡಬಹುದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಬೇಡ. ಅದು ಉಕ್ಕಿನದು, ಪಟ್ಟಿಯ ಗೆರೆ ಕಾಣಬಾರದು. ಹಲಗೆ ಮೇಲೆ ಹಲಗೆ ಅಂಟಿಸಿ ಗಟ್ಟಿ ದಿಮ್ಮಿ ಮಾಡಿ ಕೆತ್ತಿ, ಪುಟ್ಟಿ ಹಚ್ಚಿ ಉಜ್ಜಿ. ನಾಲ್ಕು ಕ್ಷಿಪಣಿ ಗೂಡುಗಳನ್ನು ಬೇರೆಯಾಗಿ ಮಾಡಿ ಕೊನೆಗೆ ಕೂರಿಸಿ.

ಮುಂದಿನ ಸಲ ಪ್ರಶ್ನೆ ಕಳಿಸುವವರು ಹಡಗಿನ ಫೋಟೋವನ್ನು ನೇರ ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆದು ಕಳಿಸಿ. ಮೇಲಿನಿಂದ ತೆಗೆದರೆ ಗೆರೆ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗೋದಿಲ್ಲ.