ಸಂಪಾದಕರ ಉತ್ತರ: ಏಳು ನಿಮಿಷದಲ್ಲಿ ಸಿಕ್ಕ ಕೆಲಸ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಪತ್ರದ ವಿಷಯ ಮಾತ್ರ ಉಳಿದವರಿಗೂ ಗೊತ್ತಾಗಲಿ. ಡಿಗ್ರಿ ಮುಗಿದು ಎಂಟು ತಿಂಗಳಾಯಿತು. ಐದು ಕಡೆ ಸಂದರ್ಶನಕ್ಕೆ ಹೋಗಿ ಬಂದಿರಿ, ಎಲ್ಲೂ ಆಗಲಿಲ್ಲ. ಆಮೇಲೆ ಒಂದು ಜಾಹೀರಾತು ಕಣ್ಣಿಗೆ ಬಿತ್ತು: 'ಮ್ಯಾನೇಜ್‌ಮೆಂಟ್ ಟ್ರೈನಿಗಳು ತಕ್ಷಣ ಬೇಕಾಗಿದ್ದಾರೆ, ಅನುಭವ ಬೇಡ.' ಹೋದ ಏಳೇ ನಿಮಿಷಕ್ಕೆ 'ನೀವು ಸೆಲೆಕ್ಟ್' ಅಂದರು. ತರಬೇತಿಗೆಂದು ಹಣ ಕಟ್ಟಿಸಿಕೊಂಡರು, ಒರಿಜಿನಲ್ ಅಂಕಪಟ್ಟಿ ಇಟ್ಟುಕೊಂಡರು. ಮೂರನೇ ದಿನ ಕೈಗೆ ಬ್ಯಾಗ್ ಕೊಟ್ಟು ಮನೆ ಮನೆಗೆ ಕಳಿಸಿದರು. ಸಂಬಳವಿಲ್ಲ, ಮಾರಿದರೆ ಕಮಿಷನ್. 'ನಾನು ಅಷ್ಟೊಂದು ದಡ್ಡಿನಾ?' ಅಂತ ಕೇಳಿದ್ದೀರಿ.

ಖಂಡಿತ ಅಲ್ಲ. ನಾನೂ ಇಂಥ ಕಡೆ ಹೋಗಿ ಕೂತವನೇ.

ನನ್ನ ಡಿಗ್ರಿ ಮುಗಿದ ವರ್ಷ 'ಆಫೀಸ್ ಸಹಾಯಕರು ಬೇಕು' ಅನ್ನುವ ನಾಲ್ಕು ಸಾಲಿನ ಜಾಹೀರಾತು ನೋಡಿ ಹೊರಟೆ. ಇಸ್ತ್ರಿ ಮಾಡಿದ ಶರ್ಟು, ಪ್ಲಾಸ್ಟಿಕ್ ಫೈಲು. ಅಲ್ಲಿ ನನ್ನಂಥವರೇ ನಲವತ್ತು ಮಂದಿ, ಎಲ್ಲರ ಕೈಯಲ್ಲೂ ಅಂಥದೇ ಫೈಲು. ಒಳಗೆ ಕರೆದವರು ಅದನ್ನು ತೆರೆಯಲೇ ಇಲ್ಲ. ಒಂದು ಬಿಳಿ ಹಾಳೆ ಮುಂದಿಟ್ಟು, 'ನಿಮಗೆ ಗೊತ್ತಿರೋ ನೂರು ಜನರ ಹೆಸರು, ಫೋನ್ ನಂಬರ್ ಬರೀರಿ' ಅಂದರು. ಬರೆಯತೊಡಗಿದೆ. ಹದಿನೇಳನೇ ಹೆಸರು ನನ್ನ ಸೋದರತ್ತೆಯದು. ಮಾವ ತೀರಿಕೊಂಡು ಆಗಿನ್ನೂ ಎರಡು ತಿಂಗಳಾಗಿತ್ತು. ಅಲ್ಲಿಗೆ ಪೆನ್ನು ನಿಂತಿತು. ಇವರಿಗೆ ಬೇಕಾಗಿರುವುದು ನಾನಲ್ಲ, ಈ ಪಟ್ಟಿ ಅಂತ ಆಗ ಹೊಳೆಯಿತು. ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡು ಎದ್ದು ಬಂದೆ.

ಅಲ್ಲಿ ಸೇರಿದ ಒಬ್ಬೊಬ್ಬರೂ ತಮ್ಮ ಕೆಳಗೆ ಹೊಸದಾಗಿ ಆರು ಜನರನ್ನು ಸೇರಿಸಬೇಕಿತ್ತು. ಆ ಆರು ಜನ ತಲಾ ಆರು. ರಾತ್ರಿ ಕೂತು ಲೆಕ್ಕ ಹಾಕಿದೆ. ಹದಿಮೂರನೇ ಹಂತಕ್ಕೆ ಬರುವಷ್ಟರಲ್ಲಿ 1,306 ಕೋಟಿ ಜನ ಬೇಕಾಗುತ್ತಾರೆ. ಇವತ್ತಿಗೂ ಇಡೀ ಭೂಮಿಯ ಮೇಲಿರುವವರು ಸುಮಾರು 800 ಕೋಟಿ.

ನಿಮಗೆ ನಾನು ಹೇಳಬೇಕೆಂದಿರುವುದು ಆ ಏಳು ನಿಮಿಷದ ಬಗ್ಗೆ. ತಿಂಗಳು ತಿಂಗಳು ಸಂಬಳ ಕೊಡಬೇಕಾದವರಿಗೆ ಒಂದು ಅಳುಕು ಇದ್ದೇ ಇರುತ್ತದೆ. ತಪ್ಪು ಆಯ್ಕೆ ಮಾಡಿದರೆ ಕೈ ಸುಡುವುದು ಅವರದೇ. ಅದಕ್ಕೇ ಕೆದಕಿ ಕೆದಕಿ ಕೇಳುತ್ತಾರೆ, ಎರಡು ಸಲ ಕರೆಸುತ್ತಾರೆ, ಕಾಯಿಸುತ್ತಾರೆ. ಕಮಿಷನ್ ಮೇಲೆ ದುಡಿಸುವವರಿಗೆ, ತರಬೇತಿ ಶುಲ್ಕದಿಂದಲೇ ದುಡ್ಡು ಮಾಡುವವರಿಗೆ ಈ ಅಳುಕು ಯಾಕೆ? ಜನ ಜಾಸ್ತಿ ಬಂದಷ್ಟೂ ಲಾಭ. ಹಾಗಾಗಿ ಯಾರನ್ನೂ ಬೇಡ ಅನ್ನುವುದಿಲ್ಲ.

ನಾಲ್ಕನೇ ಸಂದರ್ಶನದಲ್ಲಿ ನಿಮ್ಮ ಪ್ರಾಜೆಕ್ಟ್ ಬಗ್ಗೆ ಅರ್ಧ ಗಂಟೆ ಕೇಳಿ ಕೊನೆಗೆ ಬೇಡ ಅಂದರು ಅಂತ ಬರೆದಿದ್ದೀರಿ. ಬೇಜಾರಾಗುವುದು ಸಹಜ. ಆದರೆ ಅವರು ನಿಮ್ಮನ್ನು ನಿಜವಾಗಿ ನೋಡಿದರು. ಎಲ್ಲಿ ತಡವರಿಸಿದಿರಿ ಅನ್ನುವುದು ನಿಮಗೆ ಇನ್ನೂ ನೆನಪಿರುತ್ತದೆ, ಅಲ್ವಾ? ಇವತ್ತೇ ಅದನ್ನು ಬರೆದಿಡಿ.

ಮನೆ ಮನೆಗೆ ಹೋಗಿ ಮಾರುವುದು ಕೀಳು ಕೆಲಸವಲ್ಲ. ಅದನ್ನು ಮುಚ್ಚಿಟ್ಟು 'ಮ್ಯಾನೇಜ್‌ಮೆಂಟ್' ಅಂತ ಕರೆದದ್ದು ಮೋಸ. ಮುಂದಿನ ಸಲ ಹೊರಡುವ ಮೊದಲೇ ಫೋನಿನಲ್ಲಿ ಒಂದು ಮಾತು ಕೇಳಿ: 'ನಾನು ಏನೂ ಮಾರದಿದ್ದರೂ ತಿಂಗಳ ಕೊನೆಗೆ ಕೈಗೆ ಬರುವ ಸಂಬಳ ಎಷ್ಟು?' 'ಬನ್ನಿ, ಎಲ್ಲಾ ಇಲ್ಲೇ ಮಾತಾಡೋಣ' ಅಂದರೆ ಹೋಗಬೇಡಿ. ಸಂಬಳ 'ಇಷ್ಟರವರೆಗೆ' ಅಂತಿದ್ದರೆ ಆ ಅಂಕಿಯನ್ನು ಮರೆತುಬಿಡಿ, ಶುರು ಎಷ್ಟರಿಂದ ಅಂತ ಕೇಳಿ. ಹಣ ಕೇಳಿದರಂತೂ ಎದ್ದು ಬನ್ನಿ. ಉದ್ಯೋಗ ಏಜೆನ್ಸಿಗಳು ಕೆಲಸ ಹುಡುಕುವವರಿಂದ ನೇರವಾಗಿಯಾಗಲಿ, ಸುತ್ತುಬಳಸಿಯಾಗಲಿ ಶುಲ್ಕ ತೆಗೆದುಕೊಳ್ಳಬಾರದು ಅನ್ನುವುದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1997ರಲ್ಲೇ ನಿಯಮವಾಗಿ ಬರೆದಿದೆ. ಎಲ್ಲ ದೇಶಗಳೂ ಅದನ್ನು ಒಪ್ಪಿಕೊಂಡಿಲ್ಲ. ನೀವು ಒಪ್ಪಿಕೊಳ್ಳಿ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. 'ನಿಮ್ಮ ಬ್ಯಾಂಕ್ ಖಾತೆಗೆ ಹಣ ಬರುತ್ತೆ, ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನು ಮುಂದಕ್ಕೆ ಕಳಿಸಿ' ಅನ್ನುವ ಮನೆಯಲ್ಲೇ ಕೂತು ಮಾಡುವ ಕೆಲಸ. ಅದು ಸಾಮಾನ್ಯವಾಗಿ ಇನ್ಯಾರಿಂದಲೋ ಕದ್ದ ಹಣ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರನ್ನೇ.

ಇನ್ನು ನಿಮ್ಮ ಅಂಕಪಟ್ಟಿ. ಬಾಯಿ ಮಾತಲ್ಲಿ ಕೇಳಬೇಡಿ. ಇಂಥ ದಿನದೊಳಗೆ ವಾಪಸ್ ಕೊಡಿ ಅಂತ ಬರೆದು ಕಳಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಹಣ ಕಟ್ಟಿದ ರಸೀದಿ, ಅವರು ಕಳಿಸಿದ ಮೆಸೇಜು, ಆ ಜಾಹೀರಾತಿನ ಫೋಟೋ ಯಾವುದನ್ನೂ ಅಳಿಸಬೇಡಿ. ಕೊಡದಿದ್ದರೆ ಇವನ್ನೆಲ್ಲ ಹಿಡಿದು ಪೊಲೀಸ್ ಠಾಣೆಗೆ ಹೋಗಿ. ಒಬ್ಬರೇ ಬೇಡ, ನಿಮ್ಮ ಜೊತೆ ಬ್ಯಾಗ್ ಹೊತ್ತ ಇನ್ನಿಬ್ಬರನ್ನೂ ಕರೆದುಕೊಂಡು ಹೋಗಿ. ಮೂರು ಜನರ ದೂರನ್ನು ಸುಮ್ನೆ ಪಕ್ಕಕ್ಕಿಡುವುದು ಕಷ್ಟ.

ಗುರುವಾರ ಇನ್ನೊಂದು ಸಂದರ್ಶನ ಇದೆ ಅಂದಿದ್ದೀರಿ. ಒರಿಜಿನಲ್ ತೋರಿಸಲು ಕೇಳಿದರೆ ತೋರಿಸಿ ವಾಪಸ್ ತನ್ನಿ. ಕೊಡುವುದು ಜೆರಾಕ್ಸ್ ಮಾತ್ರ. ಅಲ್ಲಿ ಏನೇನು ಕೇಳಿದರು ಅಂತ ನನಗೆ ಬರೆಯಿರಿ.

— ಸಂಪಾದಕ