ಆಪ್ತಸಲಹೆ: ಯಾರೂ ಏನೂ ಅಂದಿಲ್ಲ, ಆದರೂ ಸೇರಿಸಿಕೊಳ್ಳುತ್ತಿಲ್ಲ

ಸುಮಾ (ಹೆಸರು, ಗುರುತು ಬದಲಿಸಿದ್ದೇನೆ) ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ರಾತ್ರಿ ನಿದ್ದೆ ಇಲ್ಲ, ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತೆ ಅಂತ ಬಂದಿದ್ದರು. ಕಾರಣ ಕೇಳಿದರೆ, "ಏನಿಲ್ಲ ಮೇಡಂ, ನಾನೇ ಎಲ್ಲರಿಂದ ದೂರ ಆಗಿಬಿಟ್ಟಿದ್ದೀನಿ" ಅಂದರು.

ಬಿಡಿಸಿ ಕೇಳಿದೆ. ರಜೆ ಹಾಕದೆ ಊರಿಗೆ ಹೋಗಿದ್ದ ಸಹೋದ್ಯೋಗಿಯ ಪರವಾಗಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಲು ಇವರು ಒಪ್ಪಿರಲಿಲ್ಲ. ಜಗಳವೇನೂ ಆಗಲಿಲ್ಲ. ಆದರೆ ಸ್ಟಾಫ್ ರೂಮಿನ ಊಟ ಬದಲಾಯಿತು. ಮೊದಲೆಲ್ಲ ಡಬ್ಬಿ ಬಿಚ್ಚಿದ ಕೂಡಲೇ ಪಲ್ಯ, ಚಟ್ನಿಪುಡಿ ಮೇಜಿನ ತುಂಬಾ ಓಡಾಡುತ್ತಿದ್ದವು. ಈಗ ಇವರು ಕ್ಲಾಸ್ ಮುಗಿಸಿ ಬರುವಷ್ಟರಲ್ಲಿ ಎಲ್ಲರೂ ಡಬ್ಬಿ ತೊಳೆಯುತ್ತಿರುತ್ತಾರೆ. ಒಂದು ದಿನ ಊಟ ಲ್ಯಾಬಿನಲ್ಲಿ ನಡೆಯಿತು, ಇವರಿಗೆ ಗೊತ್ತೇ ಇಲ್ಲ. ವಾಟ್ಸಾಪ್‌ನಲ್ಲಿ ಹೊಸ ಗ್ರೂಪ್ ಆಗಿದೆ, ಅದರಲ್ಲೂ ಇವರಿಲ್ಲ. ಮೀಟಿಂಗ್ ಎಷ್ಟು ಗಂಟೆಗೆ ಅನ್ನೋದು ಅಲ್ಲೇ ಬರುತ್ತೆ.

"ನಮಸ್ಕಾರ ಅಂದ್ರೆ ನಮಸ್ಕಾರ ಅಂತಾರೆ. ಯಾರೂ ಏನೂ ಅಂದಿಲ್ಲ."

ಇವರ ಯಜಮಾನರು ಕೇಳಿದ್ದೂ ಅದನ್ನೇ. ಯಾರೂ ಏನೂ ಅಂದಿಲ್ಲ ಅಂದ್ಮೇಲೆ ನಿನಗೇನು ಕಷ್ಟ? ಕೈ ಮಾಡಿದರೆ, ಬೈದರೆ ದೂರು ಕೊಡಬಹುದು. ಊಟಕ್ಕೆ ಕರೆಯಲಿಲ್ಲ ಅಂತ ಯಾರ ಹತ್ತಿರ ಹೇಳೋದು?

"ಇದಕ್ಕೆ ಬಹಿಷ್ಕಾರ ಅನ್ನಬಹುದಾ?" ಅಂದರು. ಬೇಡ ಅಂದೆ. ಊರವರು ಕೂತು ತೀರ್ಮಾನ ಮಾಡಿ, ದಂಡ ಹಾಕಿ, ಅಂಗಡಿ-ನೀರು ಬಂದ್ ಮಾಡುವಂಥದಕ್ಕೆ ಆ ಮಾತು. ಅದಕ್ಕೆಂದೇ ಮಹಾರಾಷ್ಟ್ರ 2016ರಲ್ಲಿ ಕಾಯ್ದೆ ಮಾಡಿದೆ. ಪರಿಶಿಷ್ಟರ ಮೇಲೆ ಹೇರಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಸುಮಾ ಅವರದ್ದು ಆ ಬಗೆಯದಲ್ಲ.

ಹಾಗಂತ "ದೂರ ಆದೆ" ಅನ್ನೋದೂ ಸರಿಯಲ್ಲ. ಹೊರಗುಳಿಯೋದು ನಾವು ಮಾಡೋದು. ಹೊರಗಿಡೋದು ಬೇರೆಯವರು ನಮಗೆ ಮಾಡೋದು. ಇವರು ಎಲ್ಲವನ್ನೂ ತಮ್ಮ ಲೆಕ್ಕಕ್ಕೇ ಬರೆದುಕೊಂಡಿದ್ದರು. ಒಂದೊಂದು ಘಟನೆಯನ್ನೂ "ಇಂಥವರು ಹೀಗೆ ಮಾಡಿದರು" ಅಂತಲೇ ಮತ್ತೆ ಹೇಳಿ ಅಂದೆ. ಲ್ಯಾಬಿನ ಊಟಕ್ಕೆ ಯಾರ ಹೆಸರೂ ಬರಲಿಲ್ಲ. ಅವತ್ತು ಸ್ಟಾಫ್ ರೂಮಿಗೆ ಬಣ್ಣ ಹೊಡೆಯುತ್ತಿದ್ದರಂತೆ, ಸುಮ್ನೆ ಹೇಳೋಕೆ ಮರೆತಿರಬಹುದು. ಉಳಿದದ್ದಕ್ಕೆಲ್ಲ ಎರಡೇ ಹೆಸರು. ಬಾಕಿಯವರು ತೆಪ್ಪಗಿದ್ದಾರೆ, ಅಷ್ಟೇ. "ಎಲ್ಲರೂ" ಅಂದುಕೊಂಡಿದ್ದು ಇಬ್ಬರಿಗೆ ಇಳಿಯಿತು.

ಇಷ್ಟಕ್ಕೆಲ್ಲ ಇಷ್ಟು ನೋವಾ ಅನ್ನಬೇಡಿ. ಕಿಪ್ಲಿಂಗ್ ವಿಲಿಯಮ್ಸ್ ಅನ್ನೋ ಮನಶ್ಶಾಸ್ತ್ರಜ್ಞರು ಕಂಪ್ಯೂಟರಿನಲ್ಲಿ ಚೆಂಡೆಸೆಯುವ ಆಟ ಆಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಒಬ್ಬರಿಗೆ ಚೆಂಡೇ ಬರಲ್ಲ. ಆಡುತ್ತಿರುವುದು ಮನುಷ್ಯರಲ್ಲ, ಯಂತ್ರ ಅಂತ ಹೇಳಿದರೂ ಜನಕ್ಕೆ ನೋವಾಯಿತು.

ನಾನು ಕೊಟ್ಟ ಸಲಹೆ: ಕೆಲಸದ ವಿಷಯ, ಒಡನಾಟದ ವಿಷಯ ಬೇರೆ ಮಾಡಿ. ಮೀಟಿಂಗಿನ ಮಾಹಿತಿ ನಿಮಗೆ ಬರಲೇಬೇಕು. ಅದು ತಪ್ಪಿದ ತಾರೀಖು ಬರೆದಿಟ್ಟು, ಹೆಡ್‌ಮಾಸ್ಟರಿಗೆ ಲಿಖಿತವಾಗಿ ಕೇಳಿ. ಅದರಲ್ಲಿ ಊಟದ ಮಾತು ಬೇಡ, ಅರ್ಜಿ ಹಗುರವಾಗುತ್ತೆ. ಊಟವನ್ನು ಯಾರೂ ಬಲವಂತದಿಂದ ಕೊಡಿಸಲಾರರು. ತೆಪ್ಪಗಿರುವವರಲ್ಲಿ ಒಬ್ಬರನ್ನು ಒಂಟಿಯಾಗಿ ಮಾತಾಡಿಸಿ. "ನೀವೆಲ್ಲ ಯಾಕೆ ಹೀಗೆ?" ಅನ್ನಬೇಡಿ, "ನಾಳೆ ನಿಮ್ಮ ಜೊತೆ ಕೂರಲಾ?" ಅನ್ನಿ. ಸಹಿ ಹಾಕದ್ದಕ್ಕೆ ಮಾತ್ರ ಕ್ಷಮೆ ಕೇಳಬೇಡಿ. ಮತ್ತೆ ಒಳಗೆ ಸೇರೋ ಆಸೆಗೆ ಜಾಸ್ತಿ ಜನ ಕೇಳಿಬಿಡುತ್ತಾರೆ. ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಿ. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಅರ್ಜಿ ಕೊಟ್ಟ ಮೇಲೆ ಮೀಟಿಂಗ್ ಸೂಚನೆ ನೋಟಿಸ್ ಬೋರ್ಡಿಗೂ ಬರುತ್ತಿದೆ. ಹಿಂದಿ ಟೀಚರ್ ಇವರ ಜೊತೆ ಊಟಕ್ಕೆ ಕೂರಲು ಶುರು ಮಾಡಿದ್ದಾರೆ. ಆ ಇಬ್ಬರು ಇನ್ನೂ ಹಾಗೇ ಇದ್ದಾರೆ. ಭಾನುವಾರದ ಹೊಟ್ಟೆ ತೊಳಸು ಪೂರ್ತಿ ಹೋಗಿಲ್ಲ, ಮುಂದಿನ ತಿಂಗಳು ಮತ್ತೆ ಬರಲು ಹೇಳಿದ್ದೇನೆ.