ಓದುಗರ ಪ್ರಶ್ನೆ: ಪೈಲಟ್‌ಗಳಿಗೆ ಹೆಸರಿಡುವವರು ಯಾರು?

ಪ್ರಶ್ನೆ: ನನ್ನ ಮೊಮ್ಮಗ ವಿಜಯಪುರದ ಸೈನಿಕ ಶಾಲೆಯಲ್ಲಿ ಓದುತ್ತಿದ್ದಾನೆ. ಮುಂದೆ ಯುದ್ಧವಿಮಾನದ ಪೈಲಟ್ ಆಗಿ ‘ಗರುಡ’ ಎಂದು ಹೆಸರಿಟ್ಟುಕೊಳ್ಳುತ್ತೇನೆ ಎನ್ನುತ್ತಾನೆ. ಇಂಥ ಹೆಸರುಗಳನ್ನು ತಾವೇ ಇಟ್ಟುಕೊಳ್ಳಬಹುದೇ?
– ಓದುಗರೊಬ್ಬರು, ಇಂಡಿ

ಉತ್ತರ: ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ, ಆ ಹೆಸರಿನಿಂದ ಕರೆಯುವವರು ಸಿಗುವುದು ಕಷ್ಟ. ಗರುಡ ಎಂದು ಹೇಳಿಕೊಂಡು ಬಂದವನನ್ನು ಜೊತೆಗಾರರು ಗುಬ್ಬಿ ಎಂದು ಕರೆಯುವ ಸಂಭವವೇ ಹೆಚ್ಚು, ಅದಕ್ಕೆ ಅವನು ಮುಖ ಸಿಂಡರಿಸಿದರಂತೂ ಅದೇ ಕಾಯಂ.

ನಮ್ಮ ಭಾಗದವರಿಗೆ ಇದು ಹೊಸತಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ ಎಂಬ ಅಡ್ಡಹೆಸರುಗಳನ್ನು ಮನೆತನದವರು ಕೂತು ಆರಿಸಿಕೊಂಡಿರಲಾರರು. ಊರವರ ಬಾಯಲ್ಲಿ ಹುಟ್ಟಿದ್ದು ಕ್ರಮೇಣ ಶಾಲೆಯ ದಾಖಲೆಗೂ ಹೊಲದ ಉತಾರಕ್ಕೂ ಏರಿತು. ಸ್ಕ್ವಾಡ್ರನ್, ಅಂದರೆ ವಾಯುಪಡೆಯ ವಿಮಾನಗಳ ಒಂದು ತುಕಡಿ, ಅಂಥದ್ದೇ ಒಂದು ಸಣ್ಣ ಊರು. ಹೊಸಬನ ಮೈಕಟ್ಟು, ಮಾತಿನ ಚಾಳಿ, ಮನೆತನದ ಹೆಸರಿನ ತುಂಡು, ಎಲ್ಲಕ್ಕಿಂತ ಹೆಚ್ಚಾಗಿ ಅವನು ಎಲ್ಲರೆದುರು ಮಾಡಿಕೊಂಡ ಒಂದು ಎಡವಟ್ಟು, ಇವುಗಳಿಂದ ಹೆಸರು ಹುಟ್ಟುತ್ತದೆ. ಅಮೆರಿಕದ ವಾಯುಪಡೆಯಲ್ಲಿ ಇದಕ್ಕೆಂದೇ ಸಂಜೆಯ ಕೂಟ ನಡೆಯುತ್ತದೆ. ಹೊಸಬನ ಎಡವಟ್ಟಿನ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿ, ಹೆಸರನ್ನು ಗಟ್ಟಿ ಮಾಡುತ್ತಾರೆ. ಆ ಹೆಸರಿನಲ್ಲಿ ಒಮ್ಮೆ ಯುದ್ಧದಲ್ಲಿ ಹಾರಿದರೆ ಮತ್ತೆ ಬದಲಿಸುವುದಿಲ್ಲ ಎಂಬುದು ಅಲ್ಲಿಯ ವಾಡಿಕೆ.

ರೇಡಿಯೊದಲ್ಲಿ ಬಳಸುವ ಅಧಿಕೃತ ಸಂಕೇತನಾಮ ಬೇರೆ. ಅದು ಒಟ್ಟಿಗೆ ಹಾರುವ ತಂಡಕ್ಕೆ ಸೇರಿದ್ದು, ಅದರ ಮುಂದೆ ಒಂದು, ಎರಡು ಎಂದು ವಿಮಾನದ ಸಂಖ್ಯೆ ಬರುತ್ತದೆ. ಆದರೆ ಜೀವಕ್ಕೆ ಬಂದ ಗಳಿಗೆಯಲ್ಲಿ ಸಂಕೇತಕ್ಕಿಂತ ಮೊದಲು ಬಾಯಿಗೆ ಬರುವುದು ಗೆಳೆಯರ ನಡುವಿನ ಹೆಸರೇ.

1971ರ ಡಿಸೆಂಬರ್ 14ರಂದು ಪಾಕಿಸ್ತಾನದ ಆರು ಸೇಬರ್ ವಿಮಾನಗಳು ಶ್ರೀನಗರದ ವಾಯುನೆಲೆಯ ಮೇಲೆ ಎರಗಿದಾಗ, ಬಾಂಬುಗಳ ನಡುವೆಯೇ ನ್ಯಾಟ್ ವಿಮಾನ ಏರಿದ ನಿರ್ಮಲ್‌ಜೀತ್ ಸಿಂಗ್ ಸೆಖೋನ್ ಅವರನ್ನು 18ನೇ ಸ್ಕ್ವಾಡ್ರನ್ನಿನವರು ‘ಬ್ರದರ್’ ಎನ್ನುತ್ತಿದ್ದರು. ಎದುರಿಗೆ ಬಂದವರನ್ನೆಲ್ಲ ಅವರು ಹಾಗೆಯೇ ಕರೆಯುತ್ತಿದ್ದುದರಿಂದ, ಅವರ ಮಾತೇ ಅವರ ಹೆಸರಾಗಿ ತಿರುಗಿ ಬಂದಿತ್ತು. ಅವರ ಮುಂದೆ ಹಾರಿದ್ದ ಘುಮ್ಮನ್ ಅವರ ಹೆಸರು ‘ಜಿ-ಮ್ಯಾನ್’. ಗುಂಡೇಟು ಬಿದ್ದಾಗ ಸೆಖೋನ್ ರೇಡಿಯೊದಲ್ಲಿ ಕೂಗಿದ್ದು ಆ ಹೆಸರನ್ನೇ. ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು; ವಾಯುಪಡೆಯಲ್ಲಿ ಆ ಪದಕ ಪಡೆದವರು ಅವರೊಬ್ಬರೇ.

ಹೀಗೆ ಬಾಯಿಂದ ಬಾಯಿಗೆ ಬಂದ ಹೆಸರು ಸರಕಾರಿ ಕಾಗದಕ್ಕೆ ಏರಿದ್ದೂ ಉಂಟು. 1948ರಲ್ಲಿ ಜನರಲ್ ತಿಮ್ಮಯ್ಯನವರನ್ನು ಕೂರಿಸಿಕೊಂಡು ಲೇಹ್‌ನಲ್ಲಿ ಡಕೋಟಾ ವಿಮಾನ ಇಳಿಸಿದ ಮೆಹರ್ ಸಿಂಗ್ ಅವರನ್ನು ಜೊತೆಗಾರರು ‘ಬಾಬಾ’ ಎನ್ನುತ್ತಿದ್ದರು. 2018ರಲ್ಲಿ ವಾಯುಪಡೆ ಡ್ರೋನ್ ಸ್ಪರ್ಧೆಯೊಂದನ್ನು ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರು ‘ಮೆಹರ್ ಬಾಬಾ’.